ನೀರಿನಲ್ಲಿ ಮುಳುಗಿದರೂ ಶ್ರುತಿ ತಪ್ಪದ ಕಿವಿ

ಖಾಲಿ ಸ್ಟೀಲ್ ಲೋಟಕ್ಕೆ ಚಮಚದಿಂದ ತಟ್ಟಿ ನೋಡಿ. ಟಿಣ್ ಎಂಬ ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಅದೇ ಲೋಟವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ತಟ್ಟಿ. ಟಪ್, ಅಷ್ಟೇ. ಅದುರುವ ಶಕ್ತಿಯನ್ನು ನೀರು ಎಳೆದುಕೊಂಡುಬಿಡುತ್ತದೆ.

ನಮ್ಮ ಒಳಕಿವಿಗೂ ಇದೇ ಕಷ್ಟ. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯದ ತುಂಬ ದ್ರವ. ಅದರೊಳಗಿನ ಪೊರೆಯ ಒಂದೊಂದು ಜಾಗ ಒಂದೊಂದು ಶ್ರುತಿಗೆ ಅದುರುತ್ತದೆ. ಅದುರಾಟ ಥಟ್ಟನೆ ನಿಂತರೆ ಹತ್ತಿರದ ಸ್ವರಗಳು ಕಲಸಿಹೋಗಬೇಕು. ಆದರೆ ತಂಬೂರಿಯ ತಂತಿ ಚೂರು ಇಳಿದರೂ ಹಾಡುವವರಿಗೆ ತಿಳಿಯುತ್ತದೆ, ಅಲ್ವಾ?

ಯುದ್ಧಕಾಲದಲ್ಲಿ ಬ್ರಿಟನ್ನಿನ ರಾಡಾರ್ ಕೆಲಸದಲ್ಲಿದ್ದ ಥಾಮಸ್ ಗೋಲ್ಡ್ 1948ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ರೇಡಿಯೊ ಸರ್ಕ್ಯೂಟಿನಿಂದ ಹೊರಬಂದ ಸಿಗ್ನಲ್‌ನಲ್ಲಿ ಒಂದಿಷ್ಟನ್ನು ಮತ್ತೆ ಒಳಗೆ ಕೊಟ್ಟರೆ ನಷ್ಟ ತುಂಬುತ್ತದೆ, ಟ್ಯೂನಿಂಗ್ ಚುರುಕಾಗುತ್ತದೆ. ಉಯ್ಯಾಲೆ ವಾಪಸ್ ಬಂದಾಗಲೆಲ್ಲ ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳುತ್ತೇವಲ್ಲ, ಹಾಗೆ. ಕಿವಿಯೂ ಹೀಗೇ ಮಾಡುತ್ತಿರಬೇಕು ಎಂದರು ಗೋಲ್ಡ್. ತಳ್ಳುವುದು ಜಾಸ್ತಿಯಾದರೆ, ಸಭೆಯಲ್ಲಿ ಮೈಕು ಕುಂಯ್ ಎನ್ನುವಂತೆ, ಕಿವಿಯೇ ಸದ್ದು ಹೊರಡಿಸಬೇಕು ಎಂದೂ ಊಹಿಸಿದರು. ಆಗ ಹೆಚ್ಚಿನವರು ನಂಬಲಿಲ್ಲ.

1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಕಿವಿಯೊಳಗೆ ಪುಟ್ಟ ಮೈಕ್ ಇಟ್ಟು ಕ್ಲಿಕ್ ಸದ್ದು ಕೇಳಿಸಿದರು. ಕೆಲವೇ ಮಿಲಿಸೆಕೆಂಡಿನಲ್ಲಿ ಒಳಗಿನಿಂದ ಸಣ್ಣ ಸದ್ದೊಂದು ಹೊರಬಂತು! ನನಗೆ ಇದು ವಿಜ್ಞಾನದ ಅತಿ ಚೆಂದದ ಗಳಿಗೆಗಳಲ್ಲಿ ಒಂದು. ಒಳಗೆ ಉಯ್ಯಾಲೆ ತಳ್ಳುವ ಕೈಗಳು ಹೊರಸಾಲಿನ ರೋಮಕೋಶಗಳು, ಅಂದರೆ ತುದಿಯಲ್ಲಿ ಕೂದಲಿನಂಥ ಎಳೆಗಳಿರುವ ಜೀವಕೋಶಗಳು. ಒಂದೊಂದು ಕಿವಿಯಲ್ಲಿ ಸುಮಾರು 12,000 ಇವೆ. ಸದ್ದಿನ ಲಯಕ್ಕೆ ಅವು ಉದ್ದವಾಗುತ್ತವೆ, ಗಿಡ್ಡವಾಗುತ್ತವೆ. ಇಂದು ಕಿವಿ ಕೇಳುತ್ತದೆಯೇ ಎಂದು ಪರೀಕ್ಷಿಸಲು, ನಿದ್ದೆಯಲ್ಲಿರುವ ಹಸುಗೂಸಿನ ಕಿವಿಗೆ ಮೆತ್ತನೆಯ ತುದಿಯೊಂದನ್ನು ಇಟ್ಟು, ಈ ಮರುಸದ್ದು ಬರುತ್ತದೆಯೇ ಎಂದು ನೋಡುತ್ತಾರೆ. ಮಗು ಏನೂ ಹೇಳಬೇಕಿಲ್ಲ.

ತೀರ ಸಣ್ಣ ತೂಕ ಅಳೆಯುವ ಸೆನ್ಸರ್ ಉಪಕರಣ ತಯಾರಿಸುವವರದ್ದೂ ಇದೇ ದಾರಿ. ತೆಳು ಸ್ಫಟಿಕದ ಬಿಲ್ಲೆ ಸೆಕೆಂಡಿಗೆ 50 ಲಕ್ಷ ಸಲ ಅದುರುತ್ತಿರುತ್ತದೆ. ಅದರ ಮೇಲೆ ಪ್ರೋಟೀನಿನ ತೆಳು ಪದರ ಕೂತರೂ ಅದುರುವ ವೇಗ ತುಸು ಇಳಿಯುತ್ತದೆ. ಎಷ್ಟು ಇಳಿಯಿತು ಎಂಬುದರಿಂದ ಪದರದ ತೂಕ ಲೆಕ್ಕಹಾಕುತ್ತಾರೆ. ಆದರೆ ದ್ರವದಲ್ಲಿ ಬಿಲ್ಲೆಯ ಅನುರಣನ ಮಂದವಾಗುತ್ತದೆ, ಸಣ್ಣ ಇಳಿತ ಗುರುತಿಸುವುದು ಕಷ್ಟ. ಆಗ ಸರ್ಕ್ಯೂಟು ಲಯ ತಪ್ಪದೆ ತಳ್ಳಿಕೊಡಬೇಕು. ಇದು ಸುಮ್ನೆ ಸಿಗುವ ಲಾಭವಲ್ಲ, ಸಿಗ್ನಲ್ ಜೊತೆ ಗದ್ದಲವೂ ಬೆಳೆಯುತ್ತದೆ.

ಜೋರು ಸದ್ದಿಗೆ ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಹಿಯರಿಂಗ್ ಏಡ್ ಸದ್ದನ್ನು ದೊಡ್ಡದು ಮಾಡುತ್ತದೆ, ಕಳೆದುಹೋದ ಚುರುಕು ಟ್ಯೂನಿಂಗನ್ನು ಮರಳಿ ಕೊಡಲಾರದು. ಮದುವೆಮನೆಯ ಗಲಾಟೆಯಲ್ಲಿ ಅಜ್ಜಿ ಹೇಳುವುದು ಅದನ್ನೇ: "ಸದ್ದು ಕೇಳತ್ತೆ ಮಗಾ, ಮಾತು ತಿಳಿಯಲ್ಲ."