ಸಂಸ್ಕರಿಸಿದ ನೀರು: ಬೇಡ ಅನ್ನುವವರಿಗೆ ಇರುವುದು ಹೇಸಿಗೆಯೋ, ಅನುಮಾನವೋ?

2018ರ ಜೂನ್‌ನಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಣಗೊಂಡು, ಪೈಪಿನಲ್ಲಿ ಹರಿದು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ ಎಂದು ಎಲ್ಲರಿಗೂ ಗೊತ್ತಿರುವುದು ಇದೇ. ಕೆರೆ ತುಂಬಿಸಿ ಅಂತರ್ಜಲ ಏರಿಸಲು ದಿನಕ್ಕೆ 44 ಕೋಟಿ ಲೀಟರ್ ಕೊಡುವ ಲೆಕ್ಕ. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಅದು. ಸಾವಿರ ಅಡಿ ದಾಟಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರಿನ ಖಾತ್ರಿ ಇಲ್ಲ. ಅಂಥ ಕಡೆ ಕೆರೆ ತುಂಬಿತು ಅಂದರೆ ಹಬ್ಬವೇ ಅಲ್ವಾ? ಆದರೆ ಜುಲೈನಲ್ಲಿ ಆ ನೀರಿನ ಮೇಲೆ ನೊರೆ ಕಾಣಿಸಿಕೊಂಡಿತು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು ಟಿವಿಯಲ್ಲಿ ನೋಡಿದ್ದ ಜನ ಹೌಹಾರಿದರು. ವಿಷಯ ಹೈಕೋರ್ಟಿಗೆ ಹೋಯಿತು, ಅದೇ ತಿಂಗಳು ತಡೆಯಾಜ್ಞೆ ಬಂತು. ತಡೆ ತೆರವಾದ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ನಿಲ್ಲಿಸಿತು. ಅದೂ ತೆರವಾಗಿ ಈಗ ನೀರು ಹರಿಯುತ್ತಿದೆ.

ಇಂಥ ಗಲಾಟೆ ಎದ್ದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ‘ಜನಕ್ಕೆ ತಿಳುವಳಿಕೆ ಇಲ್ಲ.’ ಕೋಲಾರದ ಹೋರಾಟಗಾರರು ಕೇಳಿದ್ದನ್ನು ಗಮನಿಸಿದರೆ ಈ ಮಾತು ನಿಲ್ಲುವುದಿಲ್ಲ. ಸೂಕ್ಷ್ಮಜೀವಿಗಳಿಂದ ಕೊಳಕನ್ನು ಕರಗಿಸುವ ಎರಡನೇ ಹಂತಕ್ಕೇ ನಿಲ್ಲಿಸಬೇಡಿ, ಉಳಿದ ಕಲ್ಮಶವನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿ ಕಳಿಸಿ ಎಂದು ಅವರು ಕೇಳಿದ್ದರು. ಅದು ತಿಳಿದವರೇ ಕೇಳುವ ಪ್ರಶ್ನೆ. ಹಾಗಾದರೆ ಸಂಸ್ಕರಿಸಿದ ನೀರು ಬೇಡ ಅನ್ನುವಾಗ ಜನರ ಮನಸ್ಸಿನಲ್ಲಿ ಏನಿರುತ್ತದೆ? ಅದನ್ನು ಅಳೆಯುವ ಪ್ರಯತ್ನಕ್ಕೆ ಐವತ್ತು ವರ್ಷಕ್ಕೂ ಜಾಸ್ತಿ ಇತಿಹಾಸ ಇದೆ.

ಎಂಜಿನಿಯರುಗಳು ಮೊದಲೇ ದಾರಿ ಮಾಡಿದ್ದರು. ನಮೀಬಿಯಾದ ವಿಂಡ್‌ಹುಕ್ ನಗರ 1968ರಲ್ಲೇ ತನ್ನ ಕೊಳಚೆಯನ್ನು ಶುದ್ಧ ಮಾಡಿ ನೇರವಾಗಿ ಕುಡಿಯುವ ನೀರಿಗೆ ಸೇರಿಸಲು ಶುರುಮಾಡಿತು. ಮರುಭೂಮಿಯ ಅಂಚಿನ ಊರು, ಬೇರೆ ದಾರಿ ಇರಲಿಲ್ಲ. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಬ್ರೂವೋಲ್ಡ್ ಎಂಬ ಸಂಶೋಧಕ ಊರೂರಿನಲ್ಲಿ ಜನರನ್ನು ಕೇಳಿದರು: ಈ ನೀರನ್ನು ಯಾವುದಕ್ಕೆ ಬಳಸಬಹುದು? ರಸ್ತೆ ಕೆಲಸಕ್ಕೆ, ಹುಲ್ಲಿಗೆ ಬಿಡೋಕೆ ಯಾರದೂ ಹೆಚ್ಚು ತಕರಾರಿಲ್ಲ. ಕುಡಿಯೋಕೆ ಅಂದಾಗ ಅರ್ಧಕ್ಕಿಂತ ಜಾಸ್ತಿ ಜನ ಬೇಡ ಅಂದರು. ನೀರು ಮೈಗೆ ಹತ್ತಿರ ಬಂದಷ್ಟೂ ವಿರೋಧ ಏರುತ್ತದೆ ಎಂಬುದು ಆಗಲೇ ಗೊತ್ತಾಗಿತ್ತು. ಯಾಕೆ ಅನ್ನುವುದು ಆ ಸಮೀಕ್ಷೆಯಿಂದ ತಿಳಿಯಲಿಲ್ಲ.

ಅದಕ್ಕೆ ಉತ್ತರ ಬಂದಿದ್ದು ನೀರಿಗೆ ಸಂಬಂಧವೇ ಇಲ್ಲದ ಒಂದು ಪ್ರಯೋಗದಿಂದ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಜೊತೆಗಾರರು ಸತ್ತ ಜಿರಲೆಯೊಂದನ್ನು ಪೂರ್ತಿ ಕ್ರಿಮಿಮುಕ್ತ ಮಾಡಿ ಜ್ಯೂಸಿನಲ್ಲಿ ಒಮ್ಮೆ ಅದ್ದಿ ತೆಗೆದರು. ಅದರಿಂದ ಏನೂ ಆಗಲ್ಲ ಎಂದು ಗೊತ್ತಿದ್ದವರೂ ಆ ಜ್ಯೂಸ್ ಕುಡಿಯಲು ಹಿಂಜರಿದರು. ಇನ್ನೊಂದು ಪ್ರಯೋಗ ಇನ್ನೂ ಸೋಜಿಗದ್ದು. ಎರಡು ಬಾಟಲಿಗೆ ಒಂದೇ ಪೊಟ್ಟಣದ ಸಕ್ಕರೆ ಹಾಕಿದರು. ಒಂದಕ್ಕೆ ‘ಸಕ್ಕರೆ’, ಇನ್ನೊಂದಕ್ಕೆ ‘ಸೋಡಿಯಂ ಸಯನೈಡ್’ ಎಂಬ ಚೀಟಿ ಅಂಟಿಸಲು ಎದುರಿಗೆ ಕೂತವರಿಗೇ ಹೇಳಿದರು. ಕೈಯಾರೆ ಚೀಟಿ ಅಂಟಿಸಿದವರೇ ಆ ಎರಡನೇ ಬಾಟಲಿಯ ಸಕ್ಕರೆ ತಿನ್ನಲು ಹಿಂಜರಿದರು. 1986ರಲ್ಲಿ ಪ್ರಕಟವಾದ ಈ ಕೆಲಸ ಹೇಳಿದ್ದಿಷ್ಟು: ಒಮ್ಮೆ ಸೋಕಿದ್ದು ಸೋಕಿದ್ದೇ, ತೊಳೆದರೂ ಮನಸ್ಸು ಒಪ್ಪಲ್ಲ.

ಎಂಜಲು, ಮಡಿ, ಮೈಲಿಗೆಗಳ ನಡುವೆ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಹೇಸಿಗೆಯನ್ನು ಮುಗ್ಧ ಭಾವನೆ ಎಂದು ಸುಮ್ನೆ ಒಪ್ಪಿಕೊಳ್ಳುವುದು ನಮ್ಮ ನೆಲದಲ್ಲಿ ಸಾಧ್ಯವಿಲ್ಲ. 1927ರಲ್ಲಿ ಮಹಾಡ್‌ನ ಚೌದಾರ್ ಕೆರೆಯ ನೀರನ್ನು ಅಂಬೇಡ್ಕರ್ ಮತ್ತು ಸಂಗಡಿಗರು ಕುಡಿದರು. ಆಮೇಲೆ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಮಡಕೆಗಳನ್ನು ಅದೇ ಕೆರೆಗೆ ಸುರಿಸಿ ‘ಶುದ್ಧ’ ಮಾಡಿಸಿದರು. ಮನುಷ್ಯರು ಮುಟ್ಟಿದ ನೀರು ಹೊಲಸು, ಸಗಣಿ ಬೆರೆಸಿದ ನೀರು ಶುದ್ಧ! ಹೇಸಿಗೆಯನ್ನು ಅಳೆಯಬೇಕು, ಅರ್ಥ ಮಾಡಿಕೊಳ್ಳಬೇಕು, ಸರಿ. ಅದರ ತೀರ್ಪನ್ನೇ ಕೊನೆಯ ಮಾತು ಎಂದು ಒಪ್ಪಬೇಕಿಲ್ಲ.

ಇದೇ ರೋಜಿನ್, ಬ್ರೆಂಟ್ ಹ್ಯಾಡಾಡ್ ಮುಂತಾದವರ ಜೊತೆ ಸೇರಿ ಅಮೆರಿಕದ ಐದು ನಗರಪ್ರದೇಶಗಳಲ್ಲಿ ಮರುಬಳಕೆ ನೀರಿನ ಬಗ್ಗೆಯೇ ಕೇಳಿದರು. 2015ರಲ್ಲಿ ಬಂದ ಫಲಿತಾಂಶದ ಪ್ರಕಾರ ಶೇ 49ರಷ್ಟು ಜನ ಕುಡಿದು ನೋಡಲು ಸಿದ್ಧರಿದ್ದರು. ಏನೇ ಮಾಡಿದರೂ ಬೇಡ ಅಂದವರು ಶೇ 13 ಮಾತ್ರ. ಉಳಿದ ಶೇ 38ರಷ್ಟು ಜನಕ್ಕೆ ಖಚಿತವಿರಲಿಲ್ಲ. ನನ್ನ ಕಣ್ಣಿಗೆ ಬಿದ್ದಿದ್ದು ಈ 38. ಇವರು ಹೇಸಿಗೆಯಿಂದ ಬಾಗಿಲು ಹಾಕಿಕೊಂಡವರಲ್ಲ. ಏನು ನಂಬಬೇಕೋ ತಿಳಿಯದೆ ಹೊಸ್ತಿಲಲ್ಲಿ ನಿಂತವರು.

ಆ ಹೊಸ್ತಿಲನ್ನು ಅಳೆಯುವ ಕೆಲಸ ನಡೆದಿದ್ದು ಅರ್ಥಶಾಸ್ತ್ರದಲ್ಲಿ. 1961ರಲ್ಲಿ ಡೇನಿಯಲ್ ಎಲ್ಸ್‌ಬರ್ಗ್ ಒಂದು ಒಗಟು ಮುಂದಿಟ್ಟರು. ಒಂದು ಡಬ್ಬದಲ್ಲಿ 50 ಕೆಂಪು, 50 ಕಪ್ಪು ಗೋಲಿ ಇವೆ. ಇನ್ನೊಂದರಲ್ಲೂ 100 ಗೋಲಿ ಇವೆ, ಆದರೆ ಯಾವ ಬಣ್ಣದವು ಎಷ್ಟು ಎಂದು ಗೊತ್ತಿಲ್ಲ. ಕೆಂಪು ಬಂದರೆ ಬಹುಮಾನ ಅಂದಾಗ ಹೆಚ್ಚಿನವರು ಮೊದಲ ಡಬ್ಬಕ್ಕೇ ಕೈಹಾಕುತ್ತಾರೆ. ಕಪ್ಪು ಬಂದರೆ ಬಹುಮಾನ ಅಂದರೂ ಅದೇ ಡಬ್ಬ. ಅಂದರೆ ಜನ ಹೆದರುವುದು ಸೋಲಿಗಷ್ಟೇ ಅಲ್ಲ. ಸೋಲುವ ಸಾಧ್ಯತೆ ಎಷ್ಟು ಎಂದೇ ಗೊತ್ತಿಲ್ಲದಿರುವುದು ಅವರನ್ನು ಇನ್ನೂ ಜಾಸ್ತಿ ಕಾಡುತ್ತದೆ.

ಇದನ್ನು ನೀರಿಗೆ ಹೊಂದಿಸುವುದು ಹೇಗೆ? ‘ಈ ನೀರು ವರ್ಷವಿಡೀ ಎಲ್ಲ ಪರೀಕ್ಷೆಯಲ್ಲೂ ಪಾಸಾಗುತ್ತದೆ’ ಎಂದು ಬಾಜಿ ಕಟ್ಟುತ್ತೀರೋ, ನೂರರಲ್ಲಿ 70 ಸಲ ಅಷ್ಟೇ ಬಹುಮಾನ ಗೆಲ್ಲಿಸುವ ಚೀಟಿ ತಗೊಳ್ಳುತ್ತೀರೋ ಎಂದು ಕೇಳಬಹುದು. ಚೀಟಿಯೇ ಬೇಕು ಅಂದರೆ ಅದನ್ನು 60ಕ್ಕೆ ಇಳಿಸಿ ಮತ್ತೆ ಕೇಳುವುದು. ‘ಎರಡೂ ಒಂದೇ’ ಅನ್ನುವ ಅಂಕಿ ಸಿಗುವವರೆಗೆ ಹೀಗೇ. ಆಮೇಲೆ ಪ್ರಶ್ನೆ ತಿರುಗಿಸಬೇಕು: ಈ ನೀರು ಒಮ್ಮೆಯಾದರೂ ಫೇಲಾಗುತ್ತದೆ ಎಂದು ಬಾಜಿ. ಅದಕ್ಕೂ ಒಂದು ಅಂಕಿ ಬರುತ್ತದೆ. ಅನಿಶ್ಚಯ ತಲೆಕೆಡಿಸದ ಮನುಷ್ಯನಿಗೆ ಎರಡೂ ಕೂಡಿದರೆ ನೂರಾಗಬೇಕು. ಒಬ್ಬರಿಗೆ 50 ಮತ್ತು 30 ಬಂತು ಅನ್ನಿ, ಒಟ್ಟು 80. ಕಾಣೆಯಾದ ಆ 20 ನೀರಿನ ಬಗೆಗಿನ ಅಭಿಪ್ರಾಯವಲ್ಲ, ಕತ್ತಲಲ್ಲಿ ಕೈ ಹಾಕಲು ಒಪ್ಪದ ಮನಸ್ಸಿನ ಅಳತೆ. ಗೋಲಿಗಳಿಗಷ್ಟೇ ಅಲ್ಲದೆ ನಿಜಜೀವನದ ಘಟನೆಗಳಿಗೂ ಇಂಥ ಅಳತೆ ಹಾಕುವ ವಿಧಾನವನ್ನು ಬೈಯೋನ್, ವಾಕರ್ ಮೊದಲಾದ ಅರ್ಥಶಾಸ್ತ್ರಜ್ಞರು 2018ರಲ್ಲಿ ಚೊಕ್ಕ ಮಾಡಿ ಕೊಟ್ಟರು. ನೀರು ಕೆಟ್ಟದ್ದು ಎಂದು ನಂಬಿದವರನ್ನೂ, ಗೊತ್ತಾಗುತ್ತಿಲ್ಲವಲ್ಲ ಎಂದು ಹಿಂದೆ ಸರಿದವರನ್ನೂ ಬೇರೆಬೇರೆಯಾಗಿ ಗುರುತಿಸಲು ಇದರಿಂದ ಆಗುತ್ತದೆ.

ಹೇಸಿಗೆ ಮತ್ತು ಅನಿಶ್ಚಯ ಒಂದನ್ನೊಂದು ಮುಟ್ಟದೆ ಇರುವುದೂ ಇಲ್ಲ. 2001ರಲ್ಲಿ ರಾಟನ್‌ಸ್ಟ್ರೈಕ್ ಮತ್ತು ಸೀ ಎಂಬಿಬ್ಬರು ಕೇಳಿದ ಪ್ರಶ್ನೆ ನೋಡಿ. 20 ಡಾಲರ್ ಕಳೆದುಕೊಳ್ಳುವ ಸಾಧ್ಯತೆ ಶೇ 1 ಇದ್ದಾಗ, ಅದನ್ನು ತಪ್ಪಿಸಲು ಜನ ಕೊಡಲು ಒಪ್ಪಿದ ಮಧ್ಯದ ಮೊತ್ತ (ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಜಾಸ್ತಿ ಹೇಳುವ ಅಂಕಿ) 1 ಡಾಲರ್. ಶೇ 99 ಆದಾಗ 18. ಅದೇ ಕರೆಂಟ್ ಶಾಕ್ ತಪ್ಪಿಸಲು ಶೇ 1ಕ್ಕೆ 7 ಡಾಲರ್, ಶೇ 99ಕ್ಕೆ 10. ಭಾವನೆ ಗಟ್ಟಿಯಾಗಿ ಹಿಡಿದ ಕಡೆ ಅಂಕಿ ಅಂಶ ಕಿವಿಗೇ ಬೀಳುವುದಿಲ್ಲ. ‘ಅಪಾಯ ತೀರಾ ಕಡಿಮೆ’ ಎಂದು ಅಧಿಕಾರಿಗಳು ಎಷ್ಟು ಸಲ ಹೇಳಿದರೂ ನೊರೆ ಕಂಡವರಿಗೆ ಅದು ತಲುಪದಿರುವುದು ಇದರಿಂದಲೇ.

ಆಸ್ಟ್ರೇಲಿಯಾದ ಟುವೂಂಬಾ ನಗರ ಇದಕ್ಕೆ ದೊಡ್ಡ ಬೆಲೆ ತೆತ್ತಿತು. ಬರಗಾಲದ ನಡುವೆ, 2006ರ ಜುಲೈ 29ರಂದು, ಮರುಬಳಕೆ ನೀರನ್ನು ಕೂಬಿ ಅಣೆಕಟ್ಟಿಗೆ ಸೇರಿಸಬೇಕಾ ಎಂದು ಅಲ್ಲಿ ಜನಮತ ನಡೆಯಿತು. ‘ಕೊಳಚೆ ಕುಡಿಯುವುದರ ವಿರುದ್ಧ ನಾಗರಿಕರು’ ಎಂಬ ಗುಂಪು ಪ್ರಚಾರಕ್ಕೆ ಇಳಿದಿತ್ತು. ಸುಮಾರು ಶೇ 62ರಷ್ಟು ಮತ ‘ಬೇಡ’ಕ್ಕೆ ಬಿತ್ತು. ಹೌದು, ಇಲ್ಲ ಎರಡೇ ಆಯ್ಕೆಯ ಮತಪತ್ರದಲ್ಲಿ ಖಚಿತವಿಲ್ಲದವರಿಗೆ ಜಾಗವೇ ಇರಲ್ಲ. ಅನುಮಾನವೂ ‘ಬೇಡ’ದ ಲೆಕ್ಕಕ್ಕೇ ಜಮಾ ಆಗಿಬಿಡುತ್ತದೆ.

ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ಬೇರೆ ದಾರಿ ಹಿಡಿಯಿತು. ಅತಿ ಶುದ್ಧ ಮಾಡಿದ ನೀರನ್ನು 2008ರಿಂದ ನೆಲಕ್ಕೆ ಇಂಗಿಸಿ, ಅಂತರ್ಜಲದ ಜೊತೆ ಬೆರೆಸಿ, ಆಮೇಲೆ ಎತ್ತಿ ಕೊಡುತ್ತಿದ್ದಾರೆ. ಇಂಗಿಸುವುದರಿಂದ ಆ ನೀರು ಇನ್ನಷ್ಟು ಶುದ್ಧವಾಗುತ್ತದೆ ಎಂದೇನಲ್ಲ. ಆದರೆ ಮಣ್ಣಲ್ಲಿ ಕೆಲಕಾಲ ಇದ್ದು ಬಂದ ನೀರನ್ನು ಮನಸ್ಸು ಸುಲಭವಾಗಿ ಒಪ್ಪುತ್ತದೆ. ಕೋಲಾರದ ಯೋಜನೆಯೂ ಮೇಲ್ನೋಟಕ್ಕೆ ಇದೇ: ಕೆರೆ, ಮಣ್ಣು, ಬೋರ್‌ವೆಲ್. ಆರೆಂಜ್ ಕೌಂಟಿಯಲ್ಲಿ ನೆಲಕ್ಕೆ ಇಳಿಯುವ ಮೊದಲೇ ನೀರು ಕುಡಿಯುವ ಮಟ್ಟಕ್ಕೆ ಬಂದಿರುತ್ತದೆ. ನಮ್ಮಲ್ಲಿ ಎರಡನೇ ಹಂತ ಮುಗಿಸಿ, ಉಳಿದದ್ದನ್ನು ಮಣ್ಣಿಗೆ ಬಿಟ್ಟಿದ್ದೇವೆ. ಮಣ್ಣು ಹೇಸಿಗೆಯನ್ನು ತೊಳೆಯಬಹುದು. ಅನುಮಾನವನ್ನು ತೊಳೆಯಲು ಪರೀಕ್ಷೆಯ ವರದಿಯೇ ಬೇಕು.

ನಮ್ಮಲ್ಲಿ ನಡೆಯುವ ಸಮೀಕ್ಷೆಗಳು ‘ಒಪ್ಪುತ್ತೀರಾ, ಇಲ್ಲವಾ’ ಎಂಬಲ್ಲಿಗೇ ನಿಲ್ಲಬಾರದು. ದೇವನಹಳ್ಳಿಯ ಸಿಹಿನೀರು ಕೆರೆಗೆ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಬರುತ್ತದೆ. ಕೆರೆಯ ಬದಿಯ ಹಳೇ ಬಾವಿಗೆ ಮತ್ತೆ ಜೀವ ಬಂದು, ಆ ನೀರನ್ನು ಶುದ್ಧ ಮಾಡಿ ಊರಿಗೆ ಕೊಡುವ ವ್ಯವಸ್ಥೆಯೂ ಆಗಿದೆ. ಅಲ್ಲಿನ ಮನೆಗಳಿಗೆ ಹೋಗಿ ಕೇಳಬೇಕಾದ ಪ್ರಶ್ನೆಗಳು ಮೂರು. ಈ ನೀರು ಎಲ್ಲಿಂದ ಬಂತೆಂದು ನೆನೆದರೆ ಮನಸ್ಸಿಗೆ ಏನನ್ನಿಸುತ್ತದೆ? ಇದು ಸುರಕ್ಷಿತ ಎಂದು ನಂಬುತ್ತೀರಾ? ವಾರಕ್ಕೊಮ್ಮೆ ಪರೀಕ್ಷೆಯ ವರದಿಯನ್ನು ಕನ್ನಡದಲ್ಲಿ ಬರೆದು ಬಾವಿಯ ಪಕ್ಕದಲ್ಲೇ ಬೋರ್ಡ್ ಹಾಕಿದರೆ, ನಿಮ್ಮ ಉತ್ತರ ಬದಲಾಗುತ್ತದಾ?