ಊರಿನ ಕಲೆಗೆ ಯೋಜನೆ: ಯಾರನ್ನು, ಯಾವಾಗ ಕೇಳಬೇಕು?

ಊರಿನ ಕಲೆಯ ಯೋಜನೆ ಬಗ್ಗೆ ಪರೀಕ್ಷೆಯಲ್ಲಿ ಕೇಳಿದಾಗ ‘ಜನರ ಪಾಲ್ಗೊಳ್ಳುವಿಕೆ’ ಎಂದು ಬರೆದು ಐದು ಲಾಭ ಪಟ್ಟಿ ಮಾಡಿದರೆ ಅಂಕ ಬರುತ್ತದೆ, ಸರಿ. ಆದರೆ ವಿಷಯ ತಲೆಗೆ ಹೋಗುವುದಿಲ್ಲ. ನಾನು ಮಂಗಳೂರನ್ನು ಎದುರಿಗಿಟ್ಟುಕೊಂಡು ಓದಿದೆ. ಹಾಗೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನು, ಬೇಗ ಮುಗಿಸೋಣ. ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ರಂದು. ಅದು ತಂದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ಕೆಲಸಗಳಿವೆ. 13ನೆಯದು ಸಾಂಸ್ಕೃತಿಕ ವಿಷಯಗಳ ಪ್ರೋತ್ಸಾಹ. ಅಂದರೆ ನೀರು, ದಾರಿದೀಪದ ಸಾಲಿನಲ್ಲೇ ಕಲೆಯೂ ಇದೆ! 243ಎಸ್ ವಿಧಿಯಂತೆ 3 ಲಕ್ಷ ಅಥವಾ ಹೆಚ್ಚು ಜನರಿರುವ ಕಡೆ ವಾರ್ಡ್ ಸಮಿತಿ ಇರಲೇಬೇಕು. 60 ವಾರ್ಡುಗಳ ಮಂಗಳೂರು ಇದರೊಳಗೆ ಬರುತ್ತದೆ. ಉಡುಪಿ ಬರುವುದಿಲ್ಲ. ಇಲ್ಲಿ ಎಡವಬೇಡಿ.

ಇನ್ನು ಅಮೆರಿಕದ ನೀತಿ ತಜ್ಞೆ ಶೆರಿ ಆರ್ನ್‌ಸ್ಟೈನ್ 1969ರಲ್ಲಿ ಹೇಳಿದ, ಜನರ ಪಾಲ್ಗೊಳ್ಳುವಿಕೆ ಎಷ್ಟು ನಿಜ ಎಂದು ಅಳೆಯುವ ಎಂಟು ಮೆಟ್ಟಿಲಿನ ಏಣಿ. ಕೆಳಗಿನ ಎರಡರಲ್ಲಿ ಪಾಲ್ಗೊಳ್ಳುವಿಕೆಯೇ ಇಲ್ಲ. ನಡುವಿನ ಮೂರು ಬರೀ ತೋರಿಕೆ. ಮೇಲಿನ ಮೂರರಲ್ಲಿ ಮಾತ್ರ ಜನರ ಕೈಗೆ ಅಧಿಕಾರ ಬರುತ್ತದೆ. ಅಭಿಪ್ರಾಯ ಕೇಳುವುದು ನಾಲ್ಕನೇ ಮೆಟ್ಟಿಲು, ಅದೂ ತೋರಿಕೆಯ ಗುಂಪಿನದು. ಒಂದು ಉದಾಹರಣೆ ಊಹಿಸಿಕೊಳ್ಳಿ. ಹೊಸ ರಂಗಮಂದಿರದ ನಕ್ಷೆ ತಯಾರಾದ ಮೇಲೆ “ಗೋಡೆಗೆ ಯಾವ ಬಣ್ಣ?” ಎಂದು ಕೇಳಿದರೆ ಅದು ಬರೀ ಈ ನಾಲ್ಕನೆಯದು. “ಹೊಸದು ಬೇಕಾ, ಇರುವ ಪುರಭವನದ ಬಾಡಿಗೆ ಇಳಿಸಿದರೆ ಸಾಕಾ?” ಎಂದು ಮೊದಲೇ ಕೇಳಿ, ತೀರ್ಮಾನದಲ್ಲೂ ಪಾಲು ಕೊಟ್ಟರೆ ಆರನೆಯದು, ಪಾಲುದಾರಿಕೆ.

ಯಾರನ್ನು ಕೇಳುವುದು? ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳು ಮೂರೂ ಇರುವುದು ಮಂಗಳೂರಿನಲ್ಲೇ. ಅಂಥ ಊರಿನಲ್ಲಿ ಇಂಗ್ಲಿಷ್ ಫಾರ್ಮ್ ಹಂಚಿದರೆ ಯಾರು ತುಂಬುತ್ತಾರೆ, ನಮ್ಮಂಥವರೇ ಅಲ್ವಾ? ಬೆಳಿಗ್ಗೆ ಹತ್ತಕ್ಕೆ ಸಭೆ ಇಟ್ಟರೆ ಮೀನು ಮಾರುವ ಹೆಂಗಸರು ಬುಟ್ಟಿ ಬಿಟ್ಟು ಬರುತ್ತಾರಾ? ಅವರಿದ್ದಲ್ಲಿಗೆ ನಾವೇ ಹೋಗಬೇಕು. ವಾರ್ಡಿನ ನಕ್ಷೆಯನ್ನೂ ಒಯ್ಯಬೇಕು. ಭಜನಾ ಮಂದಿರ ಎಲ್ಲಿ, ಹುಲಿವೇಷದ ಹುಡುಗರು ತಾಸೆ ವಾದ್ಯಕ್ಕೆ ಹೆಜ್ಜೆ ಕಲಿಯುವ ಜಾಗ ಎಲ್ಲಿ, ಬಣ್ಣ ಹಚ್ಚುವುದು ಎಲ್ಲಿ ಎಂದು ಅವರೇ ಗುರುತು ಹಾಕಲಿ. ಹುಡುಗರು ಹೆಜ್ಜೆ ಕಲಿಯುವ ಆ ಜಾಗ ಸರ್ಕಾರಿ ಕಡತದಲ್ಲಿ ಬರೀ ಖಾಲಿ ಜಾಗ. ನಾಳೆ ಪಾರ್ಕಿಂಗ್ ಆದರೂ ಕಡತದ ಪ್ರಕಾರ ಏನೂ ಕಳೆದುಹೋಗಿರುವುದಿಲ್ಲ.

ಯಕ್ಷಗಾನದ ವಿಷಯ ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿತು. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಮೈಕ್ ಹಾಕುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ನಡುರಾತ್ರಿಯವರೆಗೆ, ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಇಡೀ ರಾತ್ರಿಯ ಆಟಗಳು ಕೆಲವೇ ಗಂಟೆಗಳ ‘ಕಾಲಮಿತಿ’ ಆಟಕ್ಕೆ ಇಳಿಯಲು ಇದೂ ಒಂದು ಕಾರಣ. ಪಕ್ಕದ ಮನೆಯ ರೋಗಿಗೂ ನಿದ್ದೆ ಬೇಕು, ನಿಯಮ ಸುಮ್ನೆ ಬಂದದ್ದಲ್ಲ. ಆದರೆ ನಮ್ಮ ದೊಡ್ಡಮ್ಮ ಕೇಳಿದ್ದೇ ಬೇರೆ. “ಮೊದಲು ಬೆಳಗಾಗುವಾಗ ಮಂಗಳ, ಫಸ್ಟ್ ಬಸ್ಸಿಗೆ ಮನೆ. ಈಗ ನಡುರಾತ್ರಿಗೆ ಮುಗಿಸಿದರೆ ನಾನು ಹೇಗೆ ಬರುವುದು ಮಾರಾಯ?”

ಕಲಾವಿದರು, ಸಂಘಟಕರು, ಅಧಿಕಾರಿಗಳು ಕೂತ ಸಭೆಯಲ್ಲಿ ಈ ಪ್ರಶ್ನೆ ಏಳುವುದು ಕಷ್ಟ. ಅವರಿಗೆಲ್ಲ ಗಾಡಿ ಇರುತ್ತದೆ. ನಾನಂತೂ ಈ ಸಲ ಉತ್ತರ ಬರೆಯುವಾಗ ಬಸ್ಸಿನ ಟೈಮನ್ನೂ ಕಲೆಯ ಯೋಜನೆಯ ಕೆಳಗೇ ಬರೆಯುತ್ತೇನೆ.