ಪದ ಪರಿಚಯ: ಸೀಟ್ ಏಡ್

ಕುದುರೆಗೆ ಸವಾರನು ಕೊಡುವ ಪ್ರತಿಯೊಂದು ಸೂಚನೆಯನ್ನೂ ಸವಾರಿಯ ಪರಿಭಾಷೆಯಲ್ಲಿ ‘ಏಡ್’ ಎನ್ನುತ್ತಾರೆ. ಲಗಾಮು ಹಿಡಿದ ಕೈ ಮತ್ತು ಪಕ್ಕೆಗೆ ತಾಗಿದ ಕಾಲು ಕೊಡುವ ಸೂಚನೆಗಳನ್ನು ನೋಡುವವರೂ ಗುರುತಿಸಬಲ್ಲರು. ಜೀನಿನ ಮೇಲೆ ಕುಳಿತ ರೀತಿಯಿಂದ, ಮೈಭಾರವನ್ನು ಎಡಕ್ಕೋ ಬಲಕ್ಕೋ ತುಸು ಹೆಚ್ಚಿಸುವುದರಿಂದ ಕೊಡುವ ಸೂಚನೆ ಮಾತ್ರ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅದೇ ‘ಸೀಟ್ ಏಡ್’.

ಜಾತ್ರೆಯಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದವರಿಗೆ ಇದರ ಮರ್ಮ ಗೊತ್ತಿರುತ್ತದೆ. ತೇರು ನೋಡಲು ಮಗು ಎಡಕ್ಕೆ ವಾಲಿದರೆ ಹೊತ್ತವರ ಹೆಜ್ಜೆಯೂ ತಾನಾಗಿ ಎಡಕ್ಕೆ ಬೀಳುತ್ತದೆ, ಏಕೆಂದರೆ ಭಾರದ ಅಡಿಗೆ ಕಾಲು ತಂದುಕೊಳ್ಳದಿದ್ದರೆ ಸಮತೋಲ ತಪ್ಪುತ್ತದೆ. ಕುದುರೆಯೂ ಹೀಗೆಯೇ ಸವಾರನ ಭಾರದ ಅಡಿಗೆ ಹೆಜ್ಜೆ ಹಾಕುತ್ತದೆ.

ಮುಂದಕ್ಕೆ ಸಾಗುತ್ತಲೇ ಪಕ್ಕಕ್ಕೂ ಸರಿಯುವ ‘ಲ್ಯಾಟರಲ್’ ಅಭ್ಯಾಸಗಳಲ್ಲಿ ಈ ಸೂಚನೆ ಬಹಳ ಮುಖ್ಯ. ‘ಹಾಫ್ ಪಾಸ್’ನಲ್ಲಿ ಕುದುರೆ ತಾನು ಹೋಗುವ ಕಡೆಗೇ ಮೈ ಬಾಗಿಸಿ ಓರೆಯಾಗಿ ಸಾಗುವುದರಿಂದ, ಬಲಕ್ಕೆ ಹೋಗಬೇಕಾದಾಗ ಸವಾರನು ಬಲ ಪೃಷ್ಠದ ಎಲುಬಿನ ಮೇಲೆ ಭಾರವನ್ನು ತುಸು ಹೆಚ್ಚಿಸಿ ಎಡಗಾಲನ್ನು ಸ್ವಲ್ಪ ಹಿಂದಕ್ಕೆ ಒಯ್ದರೆ ಗೊಂದಲಕ್ಕೆ ಎಡೆಯಿರುವುದಿಲ್ಲ.

‘ಶೋಲ್ಡರ್ ಇನ್’ ಅಷ್ಟು ಸರಳವಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ಡ್ಯೂಕ್ ವೃತ್ತದಲ್ಲಿ ಮಾಡಿಸುತ್ತಿದ್ದ ಅಭ್ಯಾಸವನ್ನು 18ನೆಯ ಶತಮಾನದಲ್ಲಿ ಫ್ರಾನ್ಸಿನ ಗುರು ಲಾ ಗೆರಿನಿಯೇರ್ ನೇರ ಗೆರೆಗೆ ತಂದು ರೂಪಿಸಿದ ಪಾಠವಿದು. ಸವಾರಿ ಅಂಗಳದ ಗೋಡೆಯುದ್ದಕ್ಕೂ ಸಾಗುವಾಗ ಕುದುರೆಯ ಹೆಗಲನ್ನು ಸುಮಾರು 30 ಡಿಗ್ರಿ ಒಳಕ್ಕೆ ತರುವುದರಿಂದ ಅದರ ಬಾಗು ಒಂದು ಕಡೆಗೆ, ಚಲನೆ ಇನ್ನೊಂದು ಕಡೆಗೆ ಇರುತ್ತದೆ. ಭಾರ ಬಾಗಿನ ಒಳಬದಿಗಿರಲಿ ಎಂದು ಹೇಳಿಕೊಡುವುದು ವಾಡಿಕೆಯಾದರೂ ಚಲನೆಯ ಕಡೆಗೇ ಇರಲಿ ಎನ್ನುವ ಶಿಕ್ಷಕರೂ ಇದ್ದಾರೆ. ನನಗೆ ಮೊದಲನೆಯದೇ ಸರಿಯೆನಿಸುತ್ತದೆ, ಏಕೆಂದರೆ ಈ ಪಾಠದ ಗುರಿ ಬರಿದೇ ಪಕ್ಕಕ್ಕೆ ಸರಿಯುವುದಲ್ಲ, ಒಳಬದಿಯ ಹಿಂಗಾಲು ಮೈಯಡಿಗೆ ಬಂದು ಭಾರ ಹೊರುವುದು.

ಬಲಕ್ಕೆ ಭಾರ ಹಾಕಲು ಹೋಗಿ ಎದೆ, ಭುಜಗಳನ್ನೇ ಬಲಕ್ಕೆ ವಾಲಿಸುವುದು ಕಲಿಯುವವರಲ್ಲಿ ಪದೇ ಪದೇ ಕಾಣುವ ತಪ್ಪು. ಆಗ ಬಲ ಸೊಂಟ ಮಡಚಿಕೊಂಡು ಪೃಷ್ಠ ಎಡಕ್ಕೆ ಜಾರುತ್ತದೆ, ಭಾರವೂ ಅದರೊಂದಿಗೆ ಎಡಕ್ಕೇ ಹೋಗುತ್ತದೆ. ಕುದುರೆ ಎಡಕ್ಕೆ ಹೆಜ್ಜೆಯಿಟ್ಟರೆ ಅದನ್ನು ಹಠವೆಂದು ಗದರುವುದು ಅನ್ಯಾಯ. ಬೆನ್ನಿಗೆ ತಿಳಿದದ್ದನ್ನೇ ಅದು ಮಾಡಿದೆ. ಇಂಥ ಸವಾರನನ್ನು ಹಿಂದಿನಿಂದ ನೋಡಬೇಕು: ಎರಡೂ ಭುಜಗಳು ಸಮವಾಗಿ, ಬೆನ್ನುಮೂಳೆ ಜೀನಿನ ನಡುಗೆರೆಯ ನೇರಕ್ಕೆ ನಿಂತು, ಬಲ ಮೊಣಕಾಲು ಮಾತ್ರ ನೆಲದತ್ತ ಕೊಂಚ ಇಳಿದಿದ್ದರೆ ಭಾರ ಬಲಕ್ಕೆ ಬಂದಿದೆ ಎಂದರ್ಥ.